‘ಅಂತೆ’ಯನ್ನು ನುಂಗಿದವರು

ರೋಣದ ನಮ್ಮ ಕಾಲೇಜಿನಲ್ಲಿ ಮಿತ್ರರೊಬ್ಬರು ಈಚೆಗೆ ಬಹು ಗಂಭೀರವಾಗಿ ಒಂದು ಸುದ್ದಿ ಸಾರಿದರು. ಚಳ್ಳಕೆರೆಯ ಬಳಿ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ಕೇಂದ್ರವಿದೆಯಷ್ಟೆ; ಅದರ ಮೇಲೆ ನಡುರಾತ್ರಿ ಮೂರು ದೀಪಗಳು ಅಲುಗದೆ ನಿಂತಿದ್ದವು, ಸೈನಿಕರು ಸುತ್ತಲ ಹೊಲಗಳನ್ನು ಮುತ್ತಿದರು, ಬೆಳಗಾಗುವಷ್ಟರಲ್ಲಿ ಎಲ್ಲವೂ ಮಾಯ! ಕಂಡವರಾರು ಎಂದೆ. ಗಜೇಂದ್ರಗಡದ ಒಬ್ಬ ವ್ಯಾಪಾರಿ ಎಂದರು. ಆ ವ್ಯಾಪಾರಿಯನ್ನು ಹುಡುಕಿಕೊಂಡು ಹೋದೆ. “ನಾ ಎಲ್ಲಿ ನೋಡೀನ್ರೀ ಸರ? ನರಗುಂದದಾಗ ನಮ್ಮ ಷಡ್ಡಕ ಹೇಳಿದ” ಎಂದ. ನರಗುಂದದ ಷಡ್ಡಕರು ಚಹಾ ಕುಡಿಸಿ, ಲಾರಿ ಡ್ರೈವರನ ಕಡೆಗೆ ಬೆರಳು ತೋರಿದರು. ಅವನ ಕಥೆಯಲ್ಲಿ ದೀಪ ಒಂದೇ, ಸೈನಿಕರು ಇಲ್ಲವೇ ಇಲ್ಲ. ಅದೂ ಅವನು ಢಾಬಾದಲ್ಲಿ ಯಾರಿಂದಲೋ ಕೇಳಿದ್ದು!

ಮೂರು ಊರು ತಿರುಗಿದರೂ ಕಂಡ ಕಣ್ಣು ಒಂದೂ ಸಿಗಲಿಲ್ಲ.

ಇವರಾರೂ ಸುಳ್ಳುಗಾರರಲ್ಲ. ಇವರೆಲ್ಲರ ತಪ್ಪು ಒಂದೇ: ‘ಅಂತೆ’ಯನ್ನು ನುಂಗಿದ್ದು. ‘ಮಳೆ ಬಂತು’ ಎಂದರೆ ಮಾತಿಗೆ ನಾನು ಹೊಣೆ. ‘ಮಳೆ ಬಂತಂತೆ’ ಎಂದರೆ ನಾನು ಕೇಳಿದವನು ಮಾತ್ರ. ನಮ್ಮ ಅಜ್ಜಿಯರು ಎಂದೂ ಮರೆಯದಿದ್ದ ಈ ಭೇದವನ್ನು ಪದವೀಧರರಾದ ನಾವು ಮರೆತಿದ್ದೇವೆ. ನ್ಯಾಯಾಲಯ ಮರೆತಿಲ್ಲ. 1872ರ ಸಾಕ್ಷ್ಯ ಅಧಿನಿಯಮವೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಹೊಸ ಅಧಿನಿಯಮವೂ ಕಂಡದ್ದನ್ನು ಕಂಡವನೇ ಬಂದು ಹೇಳಬೇಕೆನ್ನುತ್ತವೆ.

ಆಕಾಶದಲ್ಲಿ ಏನೂ ಕಾಣದು ಎಂಬುದು ನನ್ನ ವಾದವಲ್ಲ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳನ್ನು ಮೊದಲ ಸಲ ಕತ್ತಲಲ್ಲಿ ಕಂಡು ನಾನೂ ಬೆಚ್ಚಿದವನೇ. ಚಳ್ಳಕೆರೆಯ ಕೇಂದ್ರವಂತೂ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಜಾಗ. 2023ರ ಆಗಸ್ಟ್ 20ರಂದು ಅಂಥ ‘ತಪಸ್’ ವಿಮಾನವೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿದ್ದಾಗ ಊರವರು ಕಣ್ಣಾರೆ ಕಂಡರು. ವಾಯುಪಡೆಯ ನೆಲೆಯುಳ್ಳ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ 2025ರ ಜನವರಿಯಲ್ಲಿ ಮನೆಯೊಂದರ ಮೇಲೆ ಭಾರಿ ಬಲೂನು ಇಳಿಯಿತು. ಜನ ಗಾಬರಿಯಾದರು, ಅದು ಹೈದರಾಬಾದಿನಿಂದ ಟಾಟಾ ಸಂಶೋಧನಾ ಸಂಸ್ಥೆ ಹಾರಿಸಿದ್ದೆಂದು ತಿಳಿಯಿತು. ಇಲ್ಲಿ ಊರುಂಟು, ದಿನವುಂಟು, ವಸ್ತುವುಂಟು. ನಮ್ಮ ಮೂರು ದೀಪಗಳಿಗೆ ಏನುಂಟು?

“ಸೈನ್ಯದವರು ಬಚ್ಚಿಡುತ್ತಾರೆ, ಅದಕ್ಕೇ ನಂಬಬೇಕು” ಎಂದು ಮಿತ್ರರು ವಾದ ಹೂಡಿದರು. ಪೆಟ್ಟಿಗೆಗೆ ಬೀಗವಿದೆ, ಆದ್ದರಿಂದ ಒಳಗೆ ಬಂಗಾರವೇ ಇದೆ ಎಂದಂತಾಯಿತು! ಮೌನದ ತಪ್ಪನ್ನು ನಾನು ಮುಚ್ಚುವುದಿಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರಿ ಸದ್ದಾದಾಗ ಭೂಕಂಪವೆಂಬುದರಿಂದ ಹಾರುವ ತಟ್ಟೆಯವರೆಗೆ ಮಾತು ಹಬ್ಬಿತು. ಅದು ಶಬ್ದದ ವೇಗವನ್ನು ಮೀರಿದ ವಾಯುಪಡೆಯ ಪರೀಕ್ಷಾ ವಿಮಾನದ ಸದ್ದೆಂದು ಇಲಾಖೆ ಹೇಳಿದ್ದು ಸಂಜೆಗೆ. ಆ ಉತ್ತರ ಬೇಗ ಬರಬೇಕಿತ್ತು. ಆದರೆ ಅವರು ತಡಮಾಡಿದರೆಂದು ನಮ್ಮ ಊಹೆ ಸತ್ಯವಾಗದು.

“ದೀಪದ ಕಥೆಯಿಂದ ಯಾರಿಗೆ ನಷ್ಟ?” ಎಂದು ಕೇಳುವವರುಂಟು. 2018ರ ಜುಲೈಯಲ್ಲಿ ಅದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನ ತರುಣನೊಬ್ಬನನ್ನು ಹೊಡೆದು ಕೊಂದಿತು. ಯಾವ ಮಗುವೂ ಕಳುವಾಗಿರಲಿಲ್ಲ. ದೀಪದ ವಿಷಯದಲ್ಲಿ ‘ಅಂತೆ’ಯನ್ನು ಬಿಡುವ ನಾಲಿಗೆ ಮನುಷ್ಯನ ವಿಷಯದಲ್ಲಿ ಮಾತ್ರ ಅದನ್ನು ನೆನೆಯುತ್ತದೆಯೇ?

“ಒಳ್ಳೆಯ ಕಥೆ ಕೆಡಿಸಿದಿರಿ” ಎಂದು ಮಿತ್ರರು ಮುನಿಸಿಕೊಂಡಿದ್ದಾರೆ. ಕಥೆಯ ಪಾಠ ಹೇಳಿಯೇ ಹೊಟ್ಟೆ ಹೊರೆಯುವ ನಾನು ಕಥೆಯ ವೈರಿಯಾಗುವುದುಂಟೇ? ಕಂಡಿದ್ದರೆ ಎಲ್ಲಿ ನಿಂತು, ಎಷ್ಟು ಹೊತ್ತಿಗೆ ಕಂಡಿರೆಂದು ಹೇಳಿ. ಕಾಣದಿದ್ದರೆ ಕೊನೆಗೊಂದು ‘ಅಂತೆ’ ಸೇರಿಸಿ. ಅದಕ್ಕೆ ಕಾಸು ಖರ್ಚಿಲ್ಲ.