ಅದಿರಿನ ಬೆಲೆಗಿಂತ ಬಾಳಿಕೆ ಮುಖ್ಯ

ಕಲ್ಲಿದ್ದಲಿನ ದಹನದಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ವಿಧಾನಗಳಲ್ಲಿ ‘ಕೆಮಿಕಲ್ ಲೂಪಿಂಗ್’ ದಹನವು ಉದ್ಯಮ ವಲಯದ ಗಮನಕ್ಕೆ ಅರ್ಹವಾದುದು. ಇದರಲ್ಲಿ ಇಂಧನಕ್ಕೂ ಗಾಳಿಗೂ ನೇರ ಸಂಪರ್ಕವಿರುವುದಿಲ್ಲ. ಲೋಹದ ಆಕ್ಸೈಡಿನ ಕಣಗಳು ಒಂದು ರಿಯಾಕ್ಟರಿನಲ್ಲಿ ಗಾಳಿಯಿಂದ ಆಮ್ಲಜನಕವನ್ನು ಪಡೆದು, ಇನ್ನೊಂದರಲ್ಲಿ ಇಂಧನಕ್ಕೆ ಒಪ್ಪಿಸಿ, ಮತ್ತೆ ಗಾಳಿಯತ್ತ ಮರಳುತ್ತವೆ. ಸಾರಜನಕವು ಬೆರೆಯದ ಕಾರಣ, ಇಂಧನದ ಕಡೆಯಿಂದ ಬರುವ ಅನಿಲವನ್ನು ತಣಿಸಿ ನೀರನ್ನು ತೆಗೆದರೆ ಉಳಿಯುವುದು ಬಹುಪಾಲು ಇಂಗಾಲದ ಡೈಆಕ್ಸೈಡ್.

ಸ್ವೀಡನ್ನಿನ ಚಾಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯವು 2003ರಲ್ಲಿ 10 ಕಿಲೋವ್ಯಾಟ್ ಘಟಕವನ್ನು ನಡೆಸಿದಾಗ ನಿಕ್ಕಲ್ ಆಕ್ಸೈಡಿನ ಕಣಗಳನ್ನು ಬಳಸಲಾಗಿತ್ತು. ನಿಕ್ಕಲ್ ದುಬಾರಿ, ಅದರ ಧೂಳು ವಿಷಕಾರಿ. ಮೇಲಾಗಿ, ಕಲ್ಲಿದ್ದಲನ್ನು ಉರಿಸುವಾಗ ಬೂದಿಯನ್ನು ತೆಗೆದಂತೆಲ್ಲ ಅದರೊಡನೆ ವಾಹಕ ಕಣಗಳೂ ಹೊರಹೋಗುತ್ತವೆ. ಆದ್ದರಿಂದ ಇಲ್ಮೆನೈಟ್, ಕಬ್ಬಿಣದ ಅದಿರು ಹಾಗೂ ಮ್ಯಾಂಗನೀಸ್ ಅದಿರುಗಳತ್ತ ಸಂಶೋಧಕರು ಹೊರಳಿದ್ದು ಸಹಜವೇ ಸರಿ. ಆದರೆ ‘ಅದಿರು ಅಗ್ಗ, ಸವೆದರೆ ಹೊಸದನ್ನು ಸುರಿದರಾಯಿತು’ ಎಂಬ ವಾದವನ್ನು ಉದ್ಯಮಿಗಳು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ.

ಇಲ್ಮೆನೈಟಿನ ವರ್ತನೆಯೇ ಇದಕ್ಕೆ ನಿದರ್ಶನ. ಆರಂಭದ ಆವರ್ತಗಳಲ್ಲಿ ಅದರ ಚುರುಕು ಹೆಚ್ಚುತ್ತದೆ. ಕಣದೊಳಗಿನ ಕಬ್ಬಿಣವು ಹೊರಮೈಯತ್ತ ಸರಿದು, ಕಣವು ರಂಧ್ರಮಯವಾಗುತ್ತದೆ. ಆದರೆ ಆ ರಂಧ್ರಗಳೂ ಬಿರುಕುಗಳೂ ಕಾಲಕ್ರಮೇಣ ಕಣವನ್ನು ದುರ್ಬಲಗೊಳಿಸುತ್ತವೆ. ಕಣವು ಪುಡಿಯಾಗಿ ಸೈಕ್ಲೋನನ್ನು ದಾಟಿ ಅನಿಲದೊಡನೆ ಹಾರಿಹೋಗುತ್ತದೆ. ಚುರುಕನ್ನು ತಂದ ಬದಲಾವಣೆಯೇ ಸವೆತಕ್ಕೂ ದಾರಿ ಮಾಡುತ್ತದೆ. ಕೆಲವು ಮ್ಯಾಂಗನೀಸ್ ಅದಿರುಗಳು ಇಲ್ಮೆನೈಟಿಗಿಂತ ಚುರುಕಾಗಿದ್ದರೂ ಬೇಗನೆ ಪುಡಿಯಾಗುತ್ತವೆ.

ಲೆಕ್ಕವನ್ನು ಗಮನಿಸಬಹುದು. ಉದಾಹರಣೆಗಾಗಿ, ಘಟಕವೊಂದರಲ್ಲಿ 100 ಟನ್ ವಾಹಕವಿದೆ ಎಂದಿಟ್ಟುಕೊಳ್ಳೋಣ. ಅದರ ಸರಾಸರಿ ಬಾಳಿಕೆ 500 ಗಂಟೆಯಾದರೆ ದಿನಕ್ಕೆ 4.8 ಟನ್ ಹೊಸ ಅದಿರು ಬೇಕು. ಬಾಳಿಕೆ 100 ಗಂಟೆಗೆ ಇಳಿದರೆ ದಿನಕ್ಕೆ 24 ಟನ್ ಬೇಕಾಗುತ್ತದೆ. ಅಂದರೆ ಎರಡನೆಯ ಅದಿರು ಅರ್ಧ ಬೆಲೆಗೆ ದೊರೆತರೂ ಖರೀದಿಯ ವೆಚ್ಚ ಎರಡೂವರೆ ಪಟ್ಟಾಗುತ್ತದೆ. ಸಾಗಣೆ, ಜರಡಿ, ಫಿಲ್ಟರುಗಳ ಹೊರೆ ಹಾಗೂ ಪುಡಿಯ ವಿಲೇವಾರಿಯ ಖರ್ಚು ಇದಕ್ಕೆ ಹೊರತಾದುದು.

ಬಾಳಿಕೆಯನ್ನು ನಿರ್ಧರಿಸುವುದು ಅದಿರಿನ ಗುಣವೊಂದೇ ಅಲ್ಲ, ಇಂಧನದ ಬೂದಿಯೂ ಹೌದು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವು ಅಧಿಕ. ಜೈವಿಕ ಇಂಧನದ ಪೊಟ್ಯಾಸಿಯಂ ಸಿಲಿಕಾದೊಡನೆ ಸೇರಿ ಕರಗಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಹರಿವು ನಿಲ್ಲುವ ಅಪಾಯವಿದೆ. ಆದುದರಿಂದ ಶುದ್ಧ ಅನಿಲದಲ್ಲಿ ಕೆಲವು ಹತ್ತು ಆವರ್ತಗಳಷ್ಟು ನಡೆಸಿದ ಪ್ರಯೋಗಾಲಯದ ಫಲಿತಾಂಶವು ಹೂಡಿಕೆಗೆ ಆಧಾರವಾಗಲಾರದು. ಬಳಸಲಿರುವ ಇಂಧನದೊಡನೆಯೇ, ಬಿಸಿ ಘಟಕದಲ್ಲಿ, ನೂರಾರು ಗಂಟೆಗಳ ನಿರಂತರ ಪರೀಕ್ಷೆ ನಡೆಯಬೇಕು.

ಸಂಡೂರಿನ ಮ್ಯಾಂಗನೀಸ್, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು, ಕೇರಳದ ಚವರ ತೀರದ ಇಲ್ಮೆನೈಟ್ ಇವು ದಕ್ಷಿಣ ಭಾರತದಲ್ಲಿಯೇ ದೊರೆಯುವ ಖನಿಜಗಳು. ಇವು ವಾಹಕಗಳಾಗಿ ಮಾರುಕಟ್ಟೆಗೆ ಬರಬೇಕಾದರೆ ಲೋಹಾಂಶದ ಶೇಕಡಾವಾರು ಪ್ರಮಾಣವನ್ನಷ್ಟೇ ತೋರಿಸಿದರೆ ಸಾಲದು. ಉಕ್ಕಿನ ಕುಲುಮೆಗೆ ಒಪ್ಪುವ ಅದಿರು ಸಾವಿರಾರು ಸಲ ಸುತ್ತಬೇಕಾದ ಕೆಲಸಕ್ಕೆ ಒಪ್ಪುತ್ತದೆ ಎಂದು ಭಾವಿಸುವುದು ತಪ್ಪು. ಗಣಿ ಉದ್ಯಮಿಗಳು ತಮ್ಮ ಅದಿರಿನ ಸವೆತದ ದರವನ್ನು ಪರೀಕ್ಷಿಸಿ ಪ್ರಕಟಿಸಬೇಕು. ಖರೀದಿದಾರರು ಟನ್ನಿನ ದರದ ಜೊತೆಗೆ ಬಾಳಿಕೆಯ ಗಂಟೆಗಳನ್ನೂ ಕರಾರಿನಲ್ಲಿ ನಮೂದಿಸಬೇಕು.

ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು 2021ರಲ್ಲಿ ಘೋಷಿಸಿದೆ. ಆ ದಾರಿಯಲ್ಲಿ ಕೋಟ್ಯಂತರ ರೂಪಾಯಿಗಳ ಘಟಕಗಳನ್ನು ಕಟ್ಟುವ ಮುನ್ನ, ಹಿಡಿ ಅದಿರು ಎಷ್ಟು ಗಂಟೆ ಬಾಳುತ್ತದೆ ಎಂಬ ಸರಳ ಪ್ರಶ್ನೆಗೆ ಖಚಿತ ಉತ್ತರ ಪಡೆಯುವುದು ವ್ಯವಹಾರ ಜಾಣ್ಮೆಯ ಲಕ್ಷಣ.