ಶಿಷ್ಯತ್ವದ ಖರ್ಚು ಯಾರು ಹೊರಬೇಕು?



ಮುಷ್ಕರಕ್ಕೆ ಇಳಿಯುವ ಮುಂಚೆ ಯೂನಿಯನ್ನಿನಲ್ಲಿ ಕೇಳುವ ಮೊದಲ ಪ್ರಶ್ನೆ: ಮನೆಯಲ್ಲಿ ಎಷ್ಟು ದಿನದ ಅಕ್ಕಿ ಇದೆ? ಹಾಗೆ ಕೇಳಿದವನನ್ನು ಯಾರೂ ಹೇಡಿ ಎನ್ನುವುದಿಲ್ಲ. ಯೇಸುಸ್ವಾಮಿಯೂ ತಮ್ಮನ್ನು ಹಿಂಬಾಲಿಸಲು ಬಂದವರಿಗೆ ಗೋಪುರ ಕಟ್ಟುವವನ ಸಾಮತಿ ಹೇಳಿ, ಮೊದಲು ಲೆಕ್ಕ ಹಾಕಿರಿ ಎಂದು ಎಚ್ಚರಿಸಿದರು. ನಮ್ಮ ಸಭೆಗಳಲ್ಲಾದರೋ ದೀಕ್ಷಾಸ್ನಾನದ ಆನಂದದ ಮಾತೇ ಹೆಚ್ಚು, ಖರ್ಚಿನ ಮಾತು ಕಡಿಮೆ. ಇದು ಸರಿಯಲ್ಲ.

ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಶಾಹೂ ಮಹಾರಾಜರು 1902ರಲ್ಲಿ ಕೊಲ್ಹಾಪುರ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಅಂಥ ನೆಲ ಇದು. ಆದರೆ 1950ರ ರಾಷ್ಟ್ರಪತಿ ಆಜ್ಞೆಯಂತೆ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಪಟ್ಟಿಯೊಳಗೆ ಸೇರಿಸಿಕೊಂಡರು, ನಮ್ಮವರನ್ನು ಸೇರಿಸಲಿಲ್ಲ. ಕರ್ನಾಟಕದಲ್ಲಿ ಇವರಿಗೆ ಪ್ರವರ್ಗ 1ರ ಸೌಲಭ್ಯವುಂಟು, ಆದರೆ ಅದು ಪರಿಶಿಷ್ಟ ಜಾತಿಯ ಹಕ್ಕಿಗೆ ಸಮನಲ್ಲ. ಪರಿಶಿಷ್ಟ ಪಂಗಡದವರಿಗೆ ಧರ್ಮದ ಈ ಕಟ್ಟು ಇಲ್ಲ, ಅವರು ಹೆದರಬೇಕಾಗಿಲ್ಲ.

ಜ್ಞಾನಸ್ನಾನದ ನೀರಿನಿಂದ ಲೈನು ಮನೆಯ ಜಾತಿ ತೊಳೆದುಹೋಯಿತೇ? ಕೆಲವೆಡೆ ಸ್ಮಶಾನದಲ್ಲಿಯೂ ಗೆರೆ ಉಳಿದಿದೆ. ರಂಗನಾಥ ಮಿಶ್ರ ಆಯೋಗವು ಧರ್ಮದ ಕಟ್ಟನ್ನು ತೆಗೆಯಬೇಕೆಂದು 2007ರಲ್ಲಿ ಹೇಳಿತು. 2022ರಲ್ಲಿ ಇದೇ ಪ್ರಶ್ನೆಗೆ ಮತ್ತೊಂದು ಆಯೋಗ ನೇಮಕವಾಯಿತು. ಈ ನಡುವೆ ಎಷ್ಟೋ ಮಕ್ಕಳು ಶಾಲೆ ಮುಗಿಸಿ ತೋಟದ ಕೂಲಿಗೆ ಬಂದರು.

ಆದಕಾರಣ ಕೆಲವು ಮನೆಗಳು ಕಾಗದದಲ್ಲಿ ಹಳೆಯ ಜಾತಿ ಬರೆಸಿ, ಭಾನುವಾರ ಪ್ರಾರ್ಥನೆಗೆ ಬರುತ್ತವೆ. ಅವರನ್ನು ಅಲ್ಪವಿಶ್ವಾಸಿಗಳೆಂದು ಬೈಯುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಬೈಯುವವರ ಮಗನಿಗೆ ಕೆಲಸವುಂಟು. ಬೈಸಿಕೊಳ್ಳುವವರ ಮಗಳ ಫೀಜು ಕಟ್ಟುವವರು ಯಾರು? ಹಾಗೆಂದು ಈ ದಾರಿ ಕ್ಷೇಮವೆಂದೂ ಹೇಳಲಾರೆ. ನಂಬಿಕೆ ಒಂದಿದ್ದು ಮೀಸಲಾತಿಗಾಗಿ ಇನ್ನೊಂದು ಹೇಳುವುದು ಸಂವಿಧಾನಕ್ಕೆ ಮಾಡುವ ಮೋಸವೆಂದು 2024ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಇದನ್ನು ಬೈಯದೆ, ಬಿಡಿಸಿ ತಿಳಿಸುವುದು ನಮ್ಮ ಕರ್ತವ್ಯ.

ಹಿಂದಿನವರು ಈ ಭಾರವನ್ನು ಹೇಗೆ ಹೊತ್ತರು? ಜಾತಿ ಬಿಟ್ಟು ಕಸುಬು ಕಳೆದುಕೊಂಡವರಿಗಾಗಿ ಬಾಸೆಲ್ ಮಿಶನ್ನಿನವರು ನೇಕಾರಿಕೆ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. 1844ರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರ ಹೆಸರಿನ ಆನಂದಪುರವು ಕೊಡಗಿನ ದಲಿತ ಕೂಲಿ ಕುಟುಂಬಗಳಿಗೆ ನೆಲೆಯಾಯಿತು. ಒಬ್ಬನ ಖರ್ಚನ್ನು ಸಭೆಯೇ ಹೊತ್ತದ್ದು ಒಳ್ಳೆಯದಾಯಿತು. ಆದರೆ ಸಂಬಳ ಕೊಡುವ ಕೈಯೂ ಪ್ರಸಾದ ಕೊಡುವ ಕೈಯೂ ಒಂದೇ ಆದಾಗ ಕೂಲಿಯವನು ಬಾಯಿ ಬಿಡುವುದು ಕಷ್ಟ. ಅದು ಬೇಡ. ಸಭೆ ಸಭೆಯಾಗಿರಲಿ, ಯೂನಿಯನ್ನು ಯೂನಿಯನ್ನಾಗಿರಲಿ. ಎರಡೂ ಸೇರಿ ಮಕ್ಕಳ ಓದಿಗೆ ನಿಧಿ ಕೂಡಿಸಲಿ, ಕಾನೂನು ತಿಳಿದವರನ್ನು ಲೈನಿಗೆ ಕರೆತರಲಿ, 1950ರ ಆಜ್ಞೆಯ ತಿದ್ದುಪಡಿಗೆ ಒತ್ತಾಯಿಸಲಿ.

ದೇವರು ಕರೆದಾಗ ಅಬ್ರಹಾಮನಿಗೆ ಮುಂದಿನ ಊರು ಯಾವುದೆಂದು ಗೊತ್ತಿರಲಿಲ್ಲ. ನಮಗೂ ಗೊತ್ತಿಲ್ಲ. ಯೇಸುವನ್ನು ನಂಬಿದರೆ ಕೂಲಿ ಹೆಚ್ಚುತ್ತದೆ, ಸರ್ಟಿಫಿಕೇಟು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅಬ್ರಹಾಮನಾದರೂ ಒಂಟಿಯಾಗಿ ಹೊರಡಲಿಲ್ಲ, ಮನೆಮಂದಿಯೆಲ್ಲ ಜೊತೆಗಿದ್ದರು. ಶಿಲುಬೆ ಹೊರಲು ಒಬ್ಬನನ್ನು ಕರೆದು, ಅವನು ತೂಗಾಡುವಾಗ ದೂರ ನಿಂತು ಸ್ತೋತ್ರ ಹಾಡುವ ಸಭೆ ನಮ್ಮದಾಗದಿರಲಿ.