ಹೊಗಳಿಕೆ ಬೇಡ, ಪುರಾವೆ ಬೇಕು

ಕರ್ನಾಟಕದಲ್ಲಿ ಸರ್ಕಾರಿ ನೌಕರಿಯ ಅರ್ಜಿ ಎಂದರೆ ಬಹುಮಟ್ಟಿಗೆ ಅಂಕಗಳ ಲೆಕ್ಕಾಚಾರ. ಅಂಕಪಟ್ಟಿ, ಪ್ರಮಾಣಪತ್ರ, ಮೀಸಲಾತಿಯ ವಿವರ ಸರಿಯಾಗಿದ್ದರೆ ಅಭ್ಯರ್ಥಿಯ ಪಾಲಿನ ಬರವಣಿಗೆ ಅಲ್ಲಿಗೆ ಮುಗಿಯಿತು. ಆದರೆ ನರ್ಸಿಂಗ್ ಪದವಿ ಮುಗಿಸಿ, ಒಂದೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದು, ಬ್ರಿಟನ್ನಿನ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಬೇರೊಂದು ಪರೀಕ್ಷೆ ಎದುರಾಗುತ್ತದೆ. 'ಈ ಹುದ್ದೆಗೆ ನೀವು ಹೇಗೆ ತಕ್ಕವರು?' ಎಂಬ ಪ್ರಶ್ನೆಗೆ ಅವರು ಸ್ವಂತ ಮಾತಿನಲ್ಲಿ ಉತ್ತರ ಬರೆಯಬೇಕು. ಇದೇ ಸಪೋರ್ಟಿಂಗ್ ಸ್ಟೇಟ್‌ಮೆಂಟ್, ಅಂದರೆ ಸಮರ್ಥನಾ ಹೇಳಿಕೆ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 1948ರಲ್ಲಿ ಆರಂಭವಾಯಿತು. ಅದರ ಉದ್ಯೋಗ ಜಾಹೀರಾತಿನೊಂದಿಗೆ 'ಪರ್ಸನ್ ಸ್ಪೆಸಿಫಿಕೇಶನ್' ಎಂಬ ಪಟ್ಟಿ ಇರುತ್ತದೆ. ಹುದ್ದೆಗೆ ಕಡ್ಡಾಯವಾದ ಅರ್ಹತೆಗಳು ಯಾವುವು, ಇದ್ದರೆ ಒಳ್ಳೆಯದು ಎನ್ನುವಂಥವು ಯಾವುವು ಎಂದು ಅದರಲ್ಲಿ ಬಿಡಿಬಿಡಿಯಾಗಿ ಬರೆದಿರುತ್ತಾರೆ. ಅರ್ಜಿ ಪರಿಶೀಲಿಸುವವರು ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಅಂಶಕ್ಕೂ ಹೇಳಿಕೆಯಲ್ಲಿ ಪುರಾವೆ ಹುಡುಕುತ್ತಾರೆ. ಸಂದರ್ಶನಕ್ಕೆ ಕರೆಯಬೇಕೇ ಬೇಡವೇ ಎಂಬುದು ನಿರ್ಧಾರವಾಗುವುದು ಇಲ್ಲಿಯೇ.

ಬಹಳ ಮಂದಿ ಎಡವುವುದೂ ಇಲ್ಲಿಯೇ. 'ನಾನು ಶ್ರಮಜೀವಿ, ಪ್ರಾಮಾಣಿಕಳು, ಬಾಲ್ಯದಿಂದಲೂ ಸೇವೆಯ ಕನಸು ಕಂಡವಳು' ಎಂದು ಪುಟ ತುಂಬಿಸುತ್ತಾರೆ. ಇದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಪುರಾವೆಯೂ ಇಲ್ಲ. ಇದೇ ಮಾತನ್ನು ನೂರು ಜನ ಬರೆದಿರುತ್ತಾರೆ.

ಪಟ್ಟಿಯಲ್ಲಿ 'ರೋಗಿಯ ಸ್ಥಿತಿ ಹದಗೆಡುವುದನ್ನು ಗುರುತಿಸುವ ಸಾಮರ್ಥ್ಯ' ಎಂದಿದೆ ಎಂದುಕೊಳ್ಳೋಣ. ಅಭ್ಯರ್ಥಿ ತನ್ನ ಅನುಭವದಿಂದ ಒಂದು ಘಟನೆಯನ್ನು ಆರಿಸಿಕೊಳ್ಳಬೇಕು. ರಾತ್ರಿ ಪಾಳಿಯಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಯ ನಾಡಿಬಡಿತ ಏರುತ್ತಾ ರಕ್ತದೊತ್ತಡ ಇಳಿಯುತ್ತಿತ್ತು. ಆಕೆ ಮತ್ತೊಮ್ಮೆ ಅಳೆದು ಖಚಿತಪಡಿಸಿಕೊಂಡಳು, ಗಾಯದ ಪಟ್ಟಿ ನೋಡಿದಳು, ಕೂಡಲೇ ಕರ್ತವ್ಯದ ವೈದ್ಯರನ್ನು ಕರೆದಳು, ಎಲ್ಲವನ್ನೂ ಸಮಯಸಹಿತ ದಾಖಲಿಸಿದಳು. ಸನ್ನಿವೇಶ, ತನ್ನ ಹೊಣೆ, ತಾನು ಮಾಡಿದ್ದು, ಆದ ಫಲ: ಈ ನಾಲ್ಕು ಐದಾರು ವಾಕ್ಯಗಳಲ್ಲಿ ಬಂದರೆ ಸಾಕು. 'ನಾವು ಮಾಡಿದೆವು' ಎನ್ನುವುದಕ್ಕಿಂತ 'ನಾನು ಇದನ್ನು ಮಾಡಿದೆ' ಎನ್ನುವುದು ಮುಖ್ಯ. ರೋಗಿಯ ಹೆಸರು, ಗುರುತು ಮಾತ್ರ ಎಲ್ಲಿಯೂ ಬರಕೂಡದು. ಗೋಪ್ಯತೆ ಕಾಯುವುದೂ ನರ್ಸ್ ವೃತ್ತಿಯ ಅರ್ಹತೆಯೇ.

ಇಂಗ್ಲಿಷ್ ಅಳುಕಿನಿಂದ ಕೆಲವು ಪಾಲಕರು ಏಜೆಂಟರಿಗೆ ಹಣ ಕೊಟ್ಟು ಹೇಳಿಕೆ ಬರೆಸುತ್ತಾರೆ. ಈಗ ಕಂಪ್ಯೂಟರಿನಿಂದ ಬರೆಸುವವರೂ ಇದ್ದಾರೆ. ಎರಡರಲ್ಲೂ ಅಪಾಯ ಒಂದೇ. ಸಂದರ್ಶನದಲ್ಲಿ 'ನೀವು ಬರೆದ ಆ ರಾತ್ರಿಯ ಬಗ್ಗೆ ಇನ್ನಷ್ಟು ಹೇಳಿ' ಎಂದು ಕೇಳಿದರೆ ಎರವಲು ಕಥೆ ಬಾಯಿಗೆ ಬರುವುದಿಲ್ಲ. ಇನ್ನೊಂದು ವಿಷಯ ಪಾಲಕರಿಗೆ ತಿಳಿದಿರಲಿ: ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಏಜೆನ್ಸಿಗಳು ಶುಲ್ಕ ಪಡೆಯಕೂಡದು ಎಂಬುದು ಇಂಗ್ಲೆಂಡಿನ ಅಂತಾರಾಷ್ಟ್ರೀಯ ನೇಮಕಾತಿ ನೀತಿಸಂಹಿತೆಯ ನಿಯಮ. ಲಕ್ಷ ಲಕ್ಷ ಕೇಳುವವರು ಬಂದಾಗ ಈ ಮಾತು ನೆನಪಿರಬೇಕು.

2024ರಿಂದ ಅಲ್ಲಿಗೆ ಹೊರದೇಶದ ನರ್ಸ್‌ಗಳ ಸೇರ್ಪಡೆ ಇಳಿಮುಖವಾಗಿದೆ. ಅವಕಾಶ ಕಡಿಮೆಯಾದಷ್ಟೂ ಹೇಳಿಕೆಯ ತೂಕ ಹೆಚ್ಚು. ಘಟನೆಯನ್ನು ಮೊದಲು ಕನ್ನಡದಲ್ಲೇ ಬರೆದು, ಆಮೇಲೆ ಸರಳ ಇಂಗ್ಲಿಷಿಗೆ ತಂದರೆ ಅಳುಕು ಅರ್ಧ ಕಡಿಮೆಯಾಗುತ್ತದೆ. ಬರೆದದ್ದನ್ನು ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರಿಗೆ ತೋರಿಸಬಹುದು. ತಿದ್ದಿಸಿಕೊಳ್ಳುವುದು ತಪ್ಪಲ್ಲ, ಬರೆಸಿಕೊಳ್ಳುವುದು ತಪ್ಪು.

ಈಗಿನ್ನೂ ಓದುತ್ತಿರುವವರಿಗೆ ಒಂದು ಸುಲಭದ ದಾರಿಯಿದೆ. ವಾರ್ಡಿನ ತರಬೇತಿ ಮುಗಿಸಿ ಬಂದ ದಿನ, ಮಾಡಿದ ಕೆಲಸ ಮತ್ತು ಕಲಿತ ಪಾಠವನ್ನು, ಯಾರ ಗುರುತೂ ಇಲ್ಲದಂತೆ, ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡುವುದು. ಮೂರು ವರ್ಷದ ಬಳಿಕ ಅರ್ಜಿ ತುಂಬುವಾಗ ಆ ನೋಟ್‌ಬುಕ್ಕು ಯಾವ ಏಜೆಂಟನೂ ಕೊಡಲಾರದ ನೆರವು ಕೊಡುತ್ತದೆ.